ದನಿಗೆ ಕೂಲಿ ಕೊಡುವವರು ಯಾರು?



ನಾನು ಚಿಕ್ಕವನಿದ್ದಾಗ ದಾಂಡೇಲಿಯ ನಮ್ಮ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದರ ಜೊತೆಗೆ ಅಂಗೈಯಗಲದ ಒಂದು ಪುಸ್ತಕವೂ ಇತ್ತು. ಆ ಪುಸ್ತಕವನ್ನು ತಂದೆಯವರು ಮನೆಯ ಕಾಗದಪತ್ರಗಳೊಡನೆ ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು, ನನ್ನನ್ನೂ ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ಅದು ರೇಡಿಯೋ ಲೈಸೆನ್ಸು. 'ಗಾಳಿಯಲ್ಲಿ ಬರುವ ಮಾತಿಗೆ ದುಡ್ಡೇಕೆ?' ಎಂದು ಒಮ್ಮೆ ನಾನು ಕೇಳಿದೆ. 'ಮಾತು ಗಾಳಿಯಲ್ಲಿ ಬರುತ್ತದೆ, ನಿಜ. ಆದರೆ ಮಾತಾಡುವವನು ಗಾಳಿ ಉಂಡು ಬದುಕುವುದಿಲ್ಲ' ಎಂದು ಅವರು ನಕ್ಕರು.

1980ರ ದಶಕದಲ್ಲಿ ಈ ಲೈಸೆನ್ಸಿನ ಪದ್ಧತಿ ರದ್ದಾಯಿತು. ಪುಸ್ತಕ ಎಲ್ಲಿ ಹೋಯಿತೋ ಗೊತ್ತಿಲ್ಲ. ತಂದೆಯವರ ಮಾತು ಮಾತ್ರ ಉಳಿದಿದೆ. ಇಂದು ತಮ್ಮೆದುರು ನಾನು ಇಡಬೇಕೆಂದಿರುವ ವಿಷಯಕ್ಕೆ ಅದೇ ಮಾತು ಪೀಠಿಕೆ. ದೊಡ್ಡ ಬಾನುಲಿ ನಿಲಯದ ಧ್ವನಿವರ್ಧಕದ ಮುಂದೆ ಕುಳಿತು ಚಿಕ್ಕ ಬಾನುಲಿಯ ಬಡತನವನ್ನು ಕುರಿತು ಮಾತಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಹೊಳೆಯನ್ನು ಬಲ್ಲವರಿಗೆ ಹಳ್ಳದ ಕಷ್ಟವೂ ತಿಳಿದಿರಬೇಕಷ್ಟೆ.

ಸಮುದಾಯ ಬಾನುಲಿ ಎಂಬ ಹೆಸರನ್ನು ತಾವು ಕೇಳಿರಬಹುದು. ಒಂದು ಊರಿನವರು, ಅಥವಾ ಹತ್ತಿಪ್ಪತ್ತು ಹಳ್ಳಿಗಳವರು, ತಮ್ಮ ಮಾತನ್ನು ತಮ್ಮ ನುಡಿಯಲ್ಲಿ ತಾವೇ ಪ್ರಸಾರ ಮಾಡಿಕೊಳ್ಳುವ ಚಿಕ್ಕ ಕೇಂದ್ರ ಅದು. ಲಾಭಕ್ಕಾಗಿ ನಡೆಸತಕ್ಕದ್ದಲ್ಲ. ಅದರ ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟಿನ ಮಿತಿಯೊಳಗಿರಬೇಕು, ಅದರ ಮಾಸ್ತು 30 ಮೀಟರನ್ನು ಮೀರಬಾರದು. ಹತ್ತು ಹದಿನೈದು ಕಿಲೋಮೀಟರಿನಾಚೆ ಅದರ ದನಿ ಕೇಳುವುದಿಲ್ಲ, ಕೇಳಬೇಕೆಂಬ ಹಟವೂ ಅದಕ್ಕಿಲ್ಲ.

ಈ ಹಕ್ಕು ನಮಗೆ ತಾನಾಗಿ ಬಂದುದಲ್ಲ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅನುಮತಿಯ ಬಾಗಿಲು ತೆರೆಯಿತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮೊದಲ ದನಿ ತೆಗೆಯಿತು. ಸೇವಾಸಂಸ್ಥೆಗಳೂ ಕೇಂದ್ರ ತೆರೆಯಬಹುದೆಂದು ಸರಕಾರ ಒಪ್ಪಿದ್ದು 2006ರಲ್ಲಿ. 2008ರ ಅಕ್ಟೋಬರಿನಲ್ಲಿ ಅಂದಿನ ಮೇದಕ್ ಜಿಲ್ಲೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ನಡೆಸುವ 'ಸಂಘಂ ರೇಡಿಯೋ' ಆರಂಭವಾಯಿತು. ಇಂದು ದೇಶದಲ್ಲಿ ಇಂಥ ಕೇಂದ್ರಗಳು ಐನೂರರ ಆಸುಪಾಸಿನಲ್ಲಿವೆ.

ಆದರೆ ನಾನು ಹೇಳಲಿರುವುದು ನಡೆಯುತ್ತಿರುವ ಕೇಂದ್ರವೊಂದರ ಕತೆಯಲ್ಲ. ನಾವು ಕೆಲವರು ಕೂಡಿ ಕಟ್ಟಬೇಕೆಂದು ಹೊರಟು, ಕಟ್ಟಲಾರದೆ ಹೋದ ಒಂದು ಕೇಂದ್ರದ ಕತೆ.

ಮೊದಲು ನಮ್ಮ ಸೀಮೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಉತ್ತರ ಕನ್ನಡ ಜಿಲ್ಲೆಯೆಂದರೆ ಹೊರಗಿನವರಿಗೆ ಕಡಲು, ಅಡಕೆ ತೋಟ, ಯಕ್ಷಗಾನ ನೆನಪಾಗುತ್ತವೆ. ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಬದುಕು ಬೇರೆ. ಹಳಿಯಾಳ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗು, ಕುಸ್ತಿಪಟುಗಳ ಊರು. ದಾಂಡೇಲಿ 1950ರ ದಶಕದಲ್ಲಿ ಕಾಗದದ ಕಾರಖಾನೆ ಬಂದ ಮೇಲೆ ಬೆಳೆದ ಪಟ್ಟಣ. ಅಲ್ಲಿಯ ಒಂದೊಂದು ಓಣಿಯಲ್ಲಿ ಒಂದೊಂದು ಸೀಮೆಯ ಮಾತು. ಜೋಯಿಡಾ ವಿಸ್ತಾರದಲ್ಲಿ ದೊಡ್ಡದು, ಜನಸಂಖ್ಯೆಯಲ್ಲಿ ಚಿಕ್ಕದು. ಕಾಳಿ ನದಿ ಹುಟ್ಟುವುದು ಅಲ್ಲಿಯೇ. ಸೂಪಾ ಎಂಬ ಹಳೆಯ ಪೇಟೆ ಅಣೆಕಟ್ಟಿನ ನೀರಿನಡಿ ಮುಳುಗಿದ್ದೂ ಅಲ್ಲಿಯೇ. ಮುಂಡಗೋಡದಲ್ಲಿ ಭತ್ತದ ಗದ್ದೆಗಳ ನಡುವೆ 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರ ವಸತಿಗಳಿವೆ, ಅವರ ದೊಡ್ಡ ವಿಹಾರಗಳಿವೆ.

ಕಾಡಿನಂಚಿನ ಹಾಡಿಗಳಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯವರು. 2003ರಲ್ಲಿ ಪರಿಶಿಷ್ಟ ಪಂಗಡದವರೆಂದು ಮಾನ್ಯತೆ ಪಡೆದವರು. ಎಮ್ಮೆ ಸಾಕುವ ಗೌಳಿಗಳಿದ್ದಾರೆ. ಗಡ್ಡೆಗೆಣಸು ಬೆಳೆಯುವುದರಲ್ಲಿ ಹೆಸರಾದ ಕುಣಬಿಗಳಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ - ಇವು ದೊಡ್ಡ ಹೆಸರುಗಳು. ಸಿದ್ದಿಗಳ ಕೊಂಕಣಿ ಪೇಟೆಯ ಕೊಂಕಣಿಯಲ್ಲ, ಗೌಳಿಗಳ ಮರಾಠಿ ಪುಣೆಯ ಮರಾಠಿಯಲ್ಲ. ಇಷ್ಟು ನುಡಿಗಳ ಕಿವಿಗೆ ಯಾವ ದೊಡ್ಡ ನಿಲಯವೂ ಪ್ರತ್ಯೇಕವಾಗಿ ಮಾತಾಡಲಾರದು. ಅದು ದೊಡ್ಡ ನಿಲಯದ ತಪ್ಪಲ್ಲ. ದೊಡ್ಡ ಪಾತ್ರೆಯಲ್ಲಿ ಒಬ್ಬರಿಗಾಗಿ ಅಡುಗೆ ಮಾಡಲಾಗುವುದಿಲ್ಲ, ಅಷ್ಟೆ.

2022ರಲ್ಲಿ ದನಕರುಗಳಿಗೆ ಚರ್ಮಗಂಟು ರೋಗ ಬಂದುದು ತಮಗೆ ನೆನಪಿರಬಹುದು. ಆಗ ನಾವು ಐದಾರು ಮಂದಿ ಹಳಿಯಾಳದಲ್ಲಿ ಒಂದು ಪ್ರಯೋಗ ಮಾಡಿದೆವು. ನಾನು ನಿವೃತ್ತ ಶಿಕ್ಷಕ. ಉಳಿದವರಲ್ಲಿ ಒಬ್ಬರು ವಕೀಲರು, ಒಬ್ಬರು ಔಷಧದ ಅಂಗಡಿಯವರು, ಇಬ್ಬರು ಕೃಷಿಕರು. ಎಲ್ಲರಿಗಿಂತ ಚಿಕ್ಕವಳು ಪದವಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಸಿದ್ದಿ ತರುಣಿ. ನಾಲ್ಕು ನುಡಿಗಳನ್ನು ನೀರು ಕುಡಿದಂತೆ ಆಡಬಲ್ಲವಳು. ಪಶುವೈದ್ಯರ ಮಾತನ್ನು ಅವಳು ಧ್ವನಿಮುದ್ರಿಸಿಕೊಂಡು, ಗೌಳಿ ವಾಡೆಗಳಿಗೆ ಹೋಗಿ ಅಲ್ಲಿಯ ಮುದುಕರನ್ನು ಮಾತಾಡಿಸಿ, ಎರಡನ್ನೂ ಅವರದೇ ನುಡಿಯಲ್ಲಿ ಹೆಣೆದು ಅರ್ಧ ಗಂಟೆಯ ಒಂದು ಕಾರ್ಯಕ್ರಮ ಮಾಡಿದಳು. ಅದನ್ನು ನಾವು ಅನುಮತಿ ಪಡೆದು ವಾರದ ಸಂತೆಯಲ್ಲಿ ಧ್ವನಿವರ್ಧಕದಿಂದ ಕೇಳಿಸಿದೆವು.

ಮೊದಲ ವಾರ ಜನ ನಕ್ಕರು. ತಮ್ಮ ಮನೆಯ ಮಾತು ಪೆಟ್ಟಿಗೆಯಿಂದ ಹೊರಬಂದರೆ ಯಾರಿಗಾದರೂ ನಗು ಬರುತ್ತದೆ. ಎರಡನೆಯ ವಾರ ನಿಂತು ಕೇಳಿದರು. ಮೂರನೆಯ ವಾರ ಪಶುವೈದ್ಯರು ತಾವಾಗಿ ಬಂದು, 'ಆ ವಾಡೆಗಳಿಂದ ಲಸಿಕೆಗೆ ದನಗಳನ್ನು ಹೊಡೆದುಕೊಂಡು ಬರತೊಡಗಿದ್ದಾರೆ' ಎಂದು ಹೇಳಿದರು. ಅಂದು ಸಂಜೆಯೇ ನಾವು ಒಂದು ಕೇಂದ್ರ ಕಟ್ಟಬೇಕೆಂದು ನಿಶ್ಚಯಿಸಿದೆವು.

ಹೀಗೆ ಮಾಡಿದವರು ನಾವೇ ಮೊದಲಿಗರಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಹಳ್ಳಿಗರಿಗೆ ಬಾನುಲಿಯ ಅನುಮತಿಯೇ ಇಲ್ಲದಿದ್ದ ಕಾಲದಲ್ಲಿ, 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ಕಾರ್ಯಕ್ರಮಗಳನ್ನು ತಯಾರಿಸಿ ಮೊದಲು ಧ್ವನಿವರ್ಧಕದಿಂದಲೂ ಆಮೇಲೆ ಕೇಬಲ್ ತಂತಿಯ ಮೂಲಕವೂ ಮನೆಮನೆಗೆ ಕೇಳಿಸಿದ್ದರು. ಆಕಾಶ ನಿಷಿದ್ಧವಾದರೆ ತಂತಿಯಾದರೂ ಸರಿ ಎಂಬ ಛಲ ಅದು.

ನಮ್ಮ ಲೆಕ್ಕದ ಪುಸ್ತಕ ಆರಂಭವಾದುದು ಉತ್ಸಾಹದಿಂದ. ಪ್ರಸಾರಯಂತ್ರ, ಮಾಸ್ತು, ಧ್ವನಿಮುದ್ರಣದ ಕೋಣೆಗೆ ಗೋಡೆಯ ಹೊದಿಕೆ, ಎರಡು ಗಣಕಯಂತ್ರ, ವಿದ್ಯುತ್ತು ಹೋದಾಗ ಬೇಕಾಗುವ ಬ್ಯಾಟರಿ, 25,000 ರೂಪಾಯಿಯ ಬ್ಯಾಂಕ್ ಖಾತರಿ. ಇವಕ್ಕೆಲ್ಲ ಹಣ ಹೊಂದಿಸುವುದು ಅಸಾಧ್ಯವೆನಿಸಲಿಲ್ಲ. ಯಂತ್ರಗಳ ವೆಚ್ಚದ ಒಂದು ಪಾಲನ್ನು, ಏಳೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಕೇಂದ್ರ ಸರಕಾರ ಕೊಡುವ ಯೋಜನೆಯೊಂದು ಬಂದಿತ್ತು. ಉಳಿದುದಕ್ಕೆ ದಾನಿಗಳು ಸಿಗುತ್ತಾರೆಂದು ವಕೀಲರು ಭರವಸೆ ಕೊಟ್ಟರು. ಅವರ ಮಾತು ಸುಳ್ಳಲ್ಲ. ಮಾಸ್ತಿನ ಬುಡದಲ್ಲಿ ಹೆಸರಿನ ಕಲ್ಲು ಹಾಕಿಸಬಹುದು. ಹೆಸರು ಕೊರೆಯಬಹುದಾದ ವಸ್ತುವಿಗೆ ನಮ್ಮ ನಾಡಿನಲ್ಲಿ ದಾನಿಗಳ ಕೊರತೆಯಿಲ್ಲ.

ಪಟ್ಟಿಯನ್ನು ನಾನು ಗಟ್ಟಿಯಾಗಿ ಓದಿ ಮುಗಿಸಿದೆ. ಆಗ ಆ ತರುಣಿ ಬಹಳ ಮೆಲ್ಲಗೆ ಕೇಳಿದಳು: 'ಸರ್, ಇದರಲ್ಲಿ ನನ್ನ ಪಗಾರ ಎಲ್ಲಿ ಬರೆದಿದ್ದೀರಿ?'

ಯಾರೂ ಮಾತಾಡಲಿಲ್ಲ. ಕುರ್ಚಿಗೆ ದರ ಬರೆದಿದ್ದೆವು. ಕುರ್ಚಿಯ ಮೇಲೆ ಕುಳಿತು ಮಾತಾಡುವವಳಿಗೆ ಏನೂ ಬರೆದಿರಲಿಲ್ಲ. ಆ ಮೂರು ವಾರ ಅವಳು ವಾಡೆಗಳಿಗೆ ಹೋಗಿ ಬಂದ ಬಸ್ಸಿನ ಖರ್ಚನ್ನು ತಾನೇ ಭರಿಸಿದ್ದಳೆಂಬುದು ನಮಗೆ ತಿಳಿದದ್ದೂ ಆಗಲೇ. ಕೊನೆಗೆ ನಮ್ಮಲ್ಲೊಬ್ಬರು, 'ಇದು ಸೇವೆಯಮ್ಮಾ' ಎಂದರು. ಅವರು ಒಳ್ಳೆಯ ಮನುಷ್ಯರು, ಅಂದುದೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ಸೇವೆ ಎಂಬ ಮಾತು ಉಂಡವರ ಬಾಯಲ್ಲಿ ಬರುವಷ್ಟು ಸುಲಭವಾಗಿ ಉಣ್ಣಬೇಕಾದವರ ಕಿವಿಗೆ ಇಳಿಯುವುದಿಲ್ಲ. ನಾನು ನಿವೃತ್ತಿ ವೇತನ ಪಡೆಯುವವನು. ನನಗೆ ಸೇವೆ ಸಾಧ್ಯ. ಅವಳಿಗೆ ಅದು ಹೇಗೆ ಸಾಧ್ಯ?

ಆಗ ಹೊಸ ಪುಟ ತೆಗೆದೆವು. ಒಂದು ಕೇಂದ್ರ ದಿನಕ್ಕೆ ಕೆಲವು ಗಂಟೆಗಳಾದರೂ ಬಿಡದೆ ನಡೆಯಬೇಕಾದರೆ ಕನಿಷ್ಠ ಮೂವರು ಪೂರ್ಣಕಾಲ ದುಡಿಯಬೇಕು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕೆಂಬುದು ನಿಯಮ. ಚಿತ್ರಗೀತೆ ಹಾಕಿ ಹೊತ್ತು ಕಳೆಯುವಂತಿಲ್ಲ. ತಲೆಗೆ ತಿಂಗಳಿಗೆ ಹದಿನೈದು ಸಾವಿರವೆಂದರೂ ಸಂಬಳಕ್ಕೇ 45,000 ರೂಪಾಯಿ ಬೇಕು. ಅದರ ಮೇಲೆ ವಿದ್ಯುತ್ತು, ಬಾಡಿಗೆ, ದುರಸ್ತಿ, ಹಾಡುಗಳ ಹಕ್ಕುದಾರರಿಗೆ ಸಲ್ಲಬೇಕಾದ ಹಣ, ಮಳೆಗಾಲದ ಸಿಡಿಲು. ನಮ್ಮ ಸೀಮೆಯಲ್ಲಿ ಸಿಡಿಲನ್ನು ಖರ್ಚಿನ ಬಾಬಾಗಿಯೇ ಬರೆದಿಡಬೇಕು.

ಇದಕ್ಕೆ ವರಮಾನ ಎಲ್ಲಿಂದ? ಸರಕಾರದ ಉತ್ತರ: ಜಾಹೀರಾತು. 2006ರ ನಿಯಮದಲ್ಲಿ ಗಂಟೆಗೆ 5 ನಿಮಿಷ ಜಾಹೀರಾತಿಗೆ ಅವಕಾಶವಿತ್ತು. ಮುಂದೆ ಅದು 7 ನಿಮಿಷವಾಗಿ, 2024ರ ಫೆಬ್ರುವರಿಯಲ್ಲಿ 12 ನಿಮಿಷಕ್ಕೇರಿತು. ಅದೇ ವೇಳೆಗೆ ಸರಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಹೆಚ್ಚಿತು. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. 45,000 ರೂಪಾಯಿಗೆ ಹತ್ತು ಸೆಕೆಂಡಿನ ಆರುನೂರೊಂಬತ್ತು ಜಾಹೀರಾತು ಸಾಕು. ಎಂದರೆ ದಿನಕ್ಕೆ ಇಪ್ಪತ್ತು, ಒಟ್ಟು ಮೂರೂವರೆ ನಿಮಿಷಕ್ಕೂ ಕಡಿಮೆ. ಗಂಟೆಗೆ ಹನ್ನೆರಡು ನಿಮಿಷ ಕೊಟ್ಟಿರುವಾಗ ದಿನಕ್ಕೆ ಮೂರೂವರೆ ನಿಮಿಷ ದೊರೆಯಲಾರದೆ? ಈ ಲೆಕ್ಕ ಕಂಡು ನಮ್ಮ ಔಷಧದ ಅಂಗಡಿಯವರ ಮುಖ ಅರಳಿತು.

ಮರುದಿನ ಪೇಟೆಯಲ್ಲಿ ತಿರುಗಿದೆವು. ಬಟ್ಟೆಯ ವ್ಯಾಪಾರಿಯೊಬ್ಬರು ಚಹಾ ಕೊಟ್ಟು ಹೇಳಿದರು: 'ಗುರುಗಳೇ, ಸಂತೆಯ ದಿನ ನನ್ನ ಗಿರಾಕಿ ನೀವು ಕೂಗಿದರೂ ಬರುತ್ತಾನೆ, ಕೂಗದಿದ್ದರೂ ಬರುತ್ತಾನೆ. ಕೂಗದಿದ್ದರೆ ನನಗೆ ದುಡ್ಡು ಉಳಿಯುತ್ತದೆ.' ಈ ಮಾತಿಗೆ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ. ಜಾಹೀರಾತುದಾರನು ಕೊಳ್ಳುವುದು ಕೇಳುಗನ ಕಿವಿಯನ್ನಲ್ಲ, ಅವನ ಕಿಸೆಯನ್ನು. ಜೋಯಿಡಾದ ಕುಣಬಿಯ ಕಿಸೆಯಲ್ಲಿ ಏನಿದೆಯೆಂದು ಅವನಿಗೆ ಗೊತ್ತು. ಸರಕಾರಿ ಜಾಹೀರಾತೋ, ಅಭಿಯಾನಗಳ ಕಾಲಕ್ಕೆ ಬರುತ್ತದೆ, ಅಭಿಯಾನ ಮುಗಿದೊಡನೆ ನಿಲ್ಲುತ್ತದೆ. ಪ್ರಸಾರವಾದ ಮೇಲೂ ಹಣ ಕೈಸೇರುವುದು ತಡವೆಂಬುದು ಇಂಥ ಕೇಂದ್ರಗಳವರ ಹಳೆಯ ದೂರು. ತಿಂಗಳ ಮೊದಲ ತಾರೀಖು ಮಾತ್ರ ತಡಮಾಡದೆ ಬರುತ್ತದೆ.

ಇನ್ನೊಂದು ತೊಡಕು ನಮ್ಮ ನೆಲದ್ದು. ಎಫ್.ಎಂ. ತರಂಗ ನೇರವಾಗಿ ಸಾಗತಕ್ಕದ್ದು. ಅಡ್ಡ ಬಂದ ಗುಡ್ಡವನ್ನು ಅದು ಬಳಸಿ ಹೋಗುವುದಿಲ್ಲ. ಮುಂಡಗೋಡದ ಬಯಲಿನಲ್ಲಿ ಅದು ಹರಡಿಕೊಂಡೀತು. ಹಳಿಯಾಳದ ಮಾಸ್ತು ಜೋಯಿಡಾದ ಕಣಿವೆಗಳಿಗೆ ಏನೂ ಹೇಳಲಾರದು. ನಾಲ್ಕು ತಾಲೂಕುಗಳಿಗೆ ಒಂದು ಕೇಂದ್ರ ಸಾಲದು, ನಾಲ್ಕು ಬೇಕು. ಎಲ್ಲಿ ಜನ ವಿರಳವೋ ಅಲ್ಲಿ ತಲೆಗೆ ಬೀಳುವ ವೆಚ್ಚ ಹೆಚ್ಚು, ವರಮಾನ ಕಡಿಮೆ. ಅಲ್ಲಿಯೇ ಕೇಂದ್ರದ ಅಗತ್ಯವೂ ಹೆಚ್ಚು. ಜಾಹೀರಾತಿನ ನಿಯಮಕ್ಕೆ ಬಿಟ್ಟರೆ, ಬಾನುಲಿ ಯಾರಿಗೆ ಅತ್ಯವಶ್ಯವೋ ಅವರಿಗೇ ಅದು ಕಟ್ಟಕಡೆಗೆ ತಲುಪುತ್ತದೆ. ಇಂದಿನ ನನ್ನ ಮಾತಿನ ಸಾರವೇ ಇದು.

ಇದು ಹೊಸ ಕಷ್ಟವೇನಲ್ಲ. 1927ರ ಜುಲೈಯಲ್ಲಿ ಮುಂಬಯಿಯಲ್ಲಿ ಆರಂಭವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ, ಲೈಸೆನ್ಸು ಪಡೆದ ಕೇಳುಗರು ಸಾಕಷ್ಟಿಲ್ಲದೆ, 1930ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ಮುಂಬಯಿ, ಕಲಕತ್ತೆಗಳಂಥ ಮಹಾನಗರಗಳನ್ನು ನೆಚ್ಚಿದ ಕಂಪನಿಯೇ ಮೂರು ವರ್ಷ ಬದುಕಲಿಲ್ಲ. ಆ ಮೇಲೆ ಸರಕಾರವೇ ಪ್ರಸಾರದ ಭಾರ ಹೊತ್ತಿತು.

ನಮ್ಮ ಕನ್ನಡ ನಾಡಿನ ಉದಾಹರಣೆ ಇನ್ನೂ ಮನಮುಟ್ಟುವಂಥದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಒಂದು ಯಂತ್ರವಿಟ್ಟುಕೊಂಡು ಪ್ರಸಾರ ಆರಂಭಿಸಿದರು. ಇಂದು ನಾವು ಸಮುದಾಯ ಬಾನುಲಿಗೆ ಕೊಡುವ ಶಕ್ತಿಯ ಮೂರನೆಯ ಒಂದು ಪಾಲೂ ಅದಕ್ಕಿರಲಿಲ್ಲ. 'ಆಕಾಶವಾಣಿ' ಎಂಬ ಹೆಸರು ಮೊದಲು ಆ ಮನೆಯ ಬಾನುಲಿಗೆ ಇಟ್ಟದ್ದು. ಇಡೀ ದೇಶದ ಪ್ರಸಾರ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡದ್ದು ಎರಡು ದಶಕಗಳಾದ ಮೇಲೆ. ಪ್ರಾಧ್ಯಾಪಕರು ಸ್ವಂತ ಹಣ ಸುರಿದು ವರ್ಷಗಟ್ಟಲೆ ಅದನ್ನು ನಡೆಸಿದರು. ಕೊನೆಗೆ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ನಾವು ಈ ಕತೆಯನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳತಕ್ಕದ್ದೇ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಒಬ್ಬ ಪ್ರಾಧ್ಯಾಪಕರ ಸಂಬಳದ ಮೇಲೆ ಒಂದು ಬಾನುಲಿ ಬಹುಕಾಲ ನಿಲ್ಲಲಾರದು. ಸಾರ್ವಜನಿಕ ಬೊಕ್ಕಸ ಕೈಹಿಡಿಯದಿದ್ದರೆ ಅದು ಅಂದೇ ಆರಿಹೋಗಬಹುದಾಗಿತ್ತು.

ಇಂದಿನ ಕೇಂದ್ರಗಳನ್ನು ನೋಡಿದರೂ ಇದೇ ಪಾಠ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಆವರಣದಲ್ಲಿಯೇ ಕೃಷಿ ಬಾನುಲಿಯನ್ನು ತೆರೆಯಿತು. ಅದರ ಬೆನ್ನಿಗೆ ಒಂದು ವಿಶ್ವವಿದ್ಯಾಲಯವಿದೆ. ಸರಗೂರಿನ 'ಜನಧ್ವನಿ'ಯ ಬೆನ್ನಿಗೆ ವಿವೇಕಾನಂದರ ಹೆಸರಿನ ಯುವ ಚಳವಳಿಯಿದೆ. ವೈನಾಡಿನ 'ರೇಡಿಯೋ ಮಾಟ್ಟೊಲಿ' 2009ರಿಂದ ಬುಡಕಟ್ಟುಗಳ ನುಡಿಗಳಲ್ಲಿಯೂ ಮಾತಾಡುತ್ತ ಬಂದಿದೆ. ಅದರ ಹಿಂದೆಯೂ ದೊಡ್ಡ ಸೇವಾಸಂಸ್ಥೆಯೊಂದಿದೆ. ದೊಡ್ಡ ಮರದ ಆಸರೆಯಿದ್ದ ಬಳ್ಳಿ ಬದುಕಿದೆ. ಆಸರೆಯಿಲ್ಲದ ಊರಿನವರು ಏನು ಮಾಡಬೇಕು?

ಬದುಕಿರುವ ಕೇಂದ್ರಗಳ ನೆಮ್ಮದಿಯೂ ಎಷ್ಟು ತೆಳುವಾದದ್ದೆಂಬುದು 2012ರಲ್ಲಿ ಬಯಲಾಯಿತು. ವರ್ಷಕ್ಕೆ 19,700 ರೂಪಾಯಿಯಷ್ಟಿದ್ದ ತರಂಗಾಂತರದ ಶುಲ್ಕವನ್ನು ಒಮ್ಮೆಲೇ 91,000 ರೂಪಾಯಿಗೆ ಏರಿಸಲಾಯಿತು. ದೇಶದ ಕೇಂದ್ರಗಳವರು ಒಟ್ಟಾಗಿ ಪ್ರತಿಭಟಿಸಿದ ಮೇಲೆ ಏರಿಕೆ ಹಿಂದೆ ಸರಿಯಿತು. ಒಂದು ದೊಡ್ಡ ಕಂಪನಿಗೆ ಅದು ಒಂದು ಸಂಜೆಯ ಔತಣದ ಖರ್ಚು. ಹಳ್ಳಿಯ ಕೇಂದ್ರಕ್ಕೆ ಅದು ಮಾತಾಡುವುದೋ ಬಿಡುವುದೋ ಎಂಬ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪವನ್ನು ನಾನು ಎದುರಿಸಬೇಕು. 'ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ರೇಡಿಯೋದ ಗೊಡವೆ ಏಕೆ?' ಎಂದು ನನ್ನ ಮಗನೇ ಕೇಳುತ್ತಾನೆ. ಅವನಿರುವುದು ಬೆಂಗಳೂರಿನಲ್ಲಿ. ಜೋಯಿಡಾದ ಕಾಡಿನಲ್ಲಿ ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಿದವರಿಗೆ ಈ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ. ಆದರೂ ಆಕ್ಷೇಪವನ್ನು ತಳ್ಳಿಹಾಕಲಾರೆ. ಮೊಬೈಲು ಇಂದಲ್ಲ ನಾಳೆ ಎಲ್ಲೆಡೆ ತಲುಪೀತು. ಆಗಲೂ ಪ್ರಶ್ನೆ ಯಂತ್ರದ್ದಲ್ಲ. ಗೌಳಿಗಳ ನುಡಿಯಲ್ಲಿ ದನದ ರೋಗವನ್ನು ಕುರಿತು ಮಾತಾಡುವ ಒಬ್ಬ ಮನುಷ್ಯಳು ಬೇಕು. ಅವಳು ವಾಡೆಗೆ ಹೋಗಬೇಕು, ಕೇಳಬೇಕು, ತಪ್ಪಿದ್ದರೆ ತಿದ್ದಬೇಕು, ಮರುವಾರ ಮತ್ತೆ ಹೋಗಬೇಕು. ಆ ಮಾತು ಮಾಸ್ತಿನಿಂದ ಬರಲಿ, ಮೊಬೈಲಿನಿಂದ ಬರಲಿ, ಅವಳ ಪಗಾರದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಿಹಾರದ ಒಂದು ಹಳ್ಳಿಯಲ್ಲಿ ತರುಣನೊಬ್ಬ ಐವತ್ತು ರೂಪಾಯಿಯ ಸಾಮಾನಿನಿಂದ ಪ್ರಸಾರಯಂತ್ರ ಮಾಡಿಕೊಂಡು ವರ್ಷಗಳ ಕಾಲ ಊರಿಗೆ ಹಾಡು, ಸುದ್ದಿ ಕೇಳಿಸಿದ್ದ. ಅನುಮತಿಯಿಲ್ಲದ ಕಾರಣ 2006ರಲ್ಲಿ ಅದು ನಿಂತುಹೋಯಿತು. ಯಂತ್ರ ಅಗ್ಗವಾಗಬಲ್ಲದು. ಮನುಷ್ಯನ ಹೊಟ್ಟೆ ಅಗ್ಗವಾಗುವುದಿಲ್ಲ.

ಹಾಗಾದರೆ ದಾರಿ ಯಾವುದು? ನನಗೆ ತೋಚುವುದನ್ನು ನಮ್ರತೆಯಿಂದ ಹೇಳುತ್ತೇನೆ.

ನಮ್ಮೂರಿನಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಅದು ಲಾಭ ತರುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಪುಸ್ತಕಗಳ ನಡುವೆ ಜಾಹೀರಾತು ಅಂಟಿಸಿ ಗ್ರಂಥಪಾಲಕನ ಸಂಬಳ ದುಡಿದುಕೊಳ್ಳಿರೆಂದು ಯಾರೂ ಹೇಳುವುದಿಲ್ಲ. ಏಕೆ? 1965ರಲ್ಲಿಯೇ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾನೂನನ್ನು ಮಾಡಿ, ಮನೆ ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯದ ಕರವನ್ನು ವಿಧಿಸಿತು. ಓದದವನೂ ಓದುವವನಿಗಾಗಿ ಒಂದಿಷ್ಟು ಕೊಡುತ್ತಾನೆ. ಆ ಕರವನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಮುಟ್ಟಿಸಲು ತಡಮಾಡುತ್ತವೆಂಬ ದೂರನ್ನು ನಾನೂ ಬಲ್ಲೆ. ಆದರೆ ತತ್ತ್ವವನ್ನು ಒಪ್ಪಿಕೊಂಡಿದ್ದೇವೆ: ಅಕ್ಷರ ಎಲ್ಲರ ಹೊಣೆ. ಅಕ್ಷರದಷ್ಟೇ ದನಿಯೂ ಎಲ್ಲರ ಹೊಣೆಯೆಂದು ಒಪ್ಪಿಕೊಳ್ಳಬಾರದೇಕೆ? ಓದು ಬಾರದ ಮುದುಕಿಗೆ ಬಾನುಲಿಯೇ ಗ್ರಂಥಾಲಯ.

ಇನ್ನೊಂದು ಮಾದರಿ ಫ್ರಾನ್ಸ್ ದೇಶದ್ದು. ಅಲ್ಲಿ 1980ರ ದಶಕದಿಂದ, ದೊಡ್ಡ ಪ್ರಸಾರ ಸಂಸ್ಥೆಗಳ ಜಾಹೀರಾತು ವರಮಾನದ ಮೇಲಿನ ತೆರಿಗೆಯನ್ನು ಆಧರಿಸಿ ಒಂದು ನಿಧಿ ಏರ್ಪಟ್ಟಿತು. ಜಾಹೀರಾತಿನಿಂದ ತಮ್ಮ ವರಮಾನದ ಶೇಕಡಾ 20ಕ್ಕಿಂತ ಕಡಿಮೆ ಗಳಿಸುವ ಸ್ಥಳೀಯ ಬಾನುಲಿಗಳಿಗೆ ಆ ನಿಧಿಯ ನೆರವು. ಅಲ್ಲಿಯ ವಿವೇಕವನ್ನು ಗಮನಿಸಬೇಕು. ಜಾಹೀರಾತು ಬಾರದಿರುವುದನ್ನು ಅವರು ಸೋಲೆಂದು ಎಣಿಸಲಿಲ್ಲ, ನೆರವಿಗೆ ಅರ್ಹತೆಯೆಂದು ಎಣಿಸಿದರು. ನಮ್ಮಲ್ಲಿಯೂ ಖಾಸಗಿ ಎಫ್.ಎಂ. ಕಂಪನಿಗಳಿಂದ ಸರಕಾರ ಹಣ ಪಡೆಯುತ್ತದೆ. ಸಾರ್ವಜನಿಕರ ಸ್ವತ್ತಾದ ತರಂಗಗಳಿಂದ ಬಂದ ಹಣ ಅದು. ಅದರ ಒಂದು ಚೂರು, ಯಂತ್ರಕ್ಕಲ್ಲ, ಮಾತಾಡುವವರ ಪಗಾರಕ್ಕೆಂದೇ ಮೀಸಲಾಗಬಾರದೆ?

ಸರಕಾರದ ಹಣ ಬಂದರೆ ಸರಕಾರದ ದನಿಯೂ ಬಂದೀತು ಎಂಬ ಭಯ ಕೆಲವರಿಗಿದೆ. ಭಯ ನಿರಾಧಾರವಲ್ಲ. ಕೊಟ್ಟ ಕೈ ಒಂದು ದಿನ ಕಿತ್ತುಕೊಳ್ಳಲೂಬಹುದು. 2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಮೊದಲೇ ಮಂಜೂರು ಮಾಡಿದ್ದ 100 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಹಿಂದಕ್ಕೆ ಪಡೆಯಿತು. ನಗರಗಳ ದೊಡ್ಡ ಕೇಂದ್ರಗಳಿಗೆ ಸಿರಿವಂತ ಕೇಳುಗರಿದ್ದಾರೆ. ಪೆಟ್ಟು ಹೆಚ್ಚು ತಾಗಿದ್ದು ಅಲಾಸ್ಕದಂಥ ದೂರದ ಸೀಮೆಗಳ ಚಿಕ್ಕ ಕೇಂದ್ರಗಳಿಗೆ. ಆದುದರಿಂದಲೇ ನಾನು ಅನುದಾನ ಎನ್ನದೆ ಕರ ಎನ್ನುತ್ತಿದ್ದೇನೆ. ಅನುದಾನ ಕೊಡುವವನ ಮರ್ಜಿ. ಕಾನೂನಿನಿಂದ ಗೊತ್ತಾದ ಕರ ಜನರ ಹಕ್ಕು. ಜೊತೆಗೆ ಊರಿನವರೂ ತಮ್ಮ ಪಾಲು ಹಾಕಬೇಕು. ಸುಗ್ಗಿಯಲ್ಲಿ ದೇವಸ್ಥಾನಕ್ಕೆ ಒಂದು ಕೊಳಗ ಭತ್ತ ಕೊಡುವ ಮನೆಗಳು ಬಾನುಲಿಗೆ ಒಂದು ಸೇರು ಕೊಟ್ಟರೆ ಸಂಬಳ ಹುಟ್ಟಲಾರದು, ನಿಜ. ಆದರೆ ಒಂದು ಸೇರು ಕೊಟ್ಟವನು 'ನಿನ್ನೆ ಏಕೆ ಮಾತಾಡಲಿಲ್ಲ?' ಎಂದು ಕೇಳುತ್ತಾನೆ. ಆ ಪ್ರಶ್ನೆಯೇ ಕೇಂದ್ರದ ಕಾವಲು.

ಶ್ರೋತೃಗಳೇ, ನಮ್ಮ ಕೇಂದ್ರ ಆಗಲಿಲ್ಲ. ಅರ್ಜಿಯನ್ನೇ ನಾವು ಸಲ್ಲಿಸಲಿಲ್ಲ. ಅದಕ್ಕೆ ಯಾವ ಕಚೇರಿಯನ್ನೂ ದೂರಲಾರೆ. ಯಂತ್ರಗಳ ಪುಟ ತುಂಬಿತ್ತು, ಪಗಾರದ ಪುಟದಲ್ಲಿ ಖರ್ಚು ಮಾತ್ರ ಇತ್ತು. ಒಂದು ಹುಡುಗಿಯನ್ನು ಭರವಸೆಯ ಮೇಲೆ ಕೂರಿಸಲು ನಮಗೆ ಧೈರ್ಯ ಬರಲಿಲ್ಲ. ಅವಳು ಈಗ ಹುಬ್ಬಳ್ಳಿಯಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಹಬ್ಬಕ್ಕೆ ಬಂದಾಗ ನಮ್ಮ ಮನೆಗೂ ಬರುತ್ತಾಳೆ. ಕಳೆದ ಸಲ ಬಂದಾಗ, 'ಗೌಳಿ ವಾಡೆಯ ಆ ಅಜ್ಜ ತೀರಿಕೊಂಡರಂತೆ ಸರ್, ಅವರ ದನಿ ಇನ್ನೂ ನನ್ನ ಬಳಿ ಇದೆ' ಎಂದಳು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಆ ಲೆಕ್ಕದ ಪುಸ್ತಕವನ್ನು ನಾನು ಇಟ್ಟುಕೊಂಡಿದ್ದೇನೆ. ಅವಳು ಹೋದ ಮೇಲೆ ಅದರಲ್ಲಿ ಒಂದು ತಿದ್ದುಪಡಿ ಮಾಡಿದೆ. ಪ್ರಸಾರಯಂತ್ರವೆಂದು ಬರೆದಿದ್ದ ಮೊದಲ ಸಾಲನ್ನು ಹೊಡೆದು, ಅಲ್ಲಿ 'ಮಾತಾಡುವವರ ಪಗಾರ' ಎಂದು ಬರೆದೆ. ಮುಂದೆ ಯಾರಾದರೂ ಈ ಸೀಮೆಯಲ್ಲಿ ಇಂಥ ಕೇಂದ್ರ ಕಟ್ಟಲು ಹೊರಟು ನನ್ನಲ್ಲಿಗೆ ಬಂದರೆ ಆ ಪುಸ್ತಕವನ್ನು ಅವರಿಗೆ ಕೊಡುತ್ತೇನೆ. ಮೊದಲ ಸಾಲಿನಿಂದ ಆರಂಭಿಸಿರೆಂದು ಹೇಳುತ್ತೇನೆ.

(ಬಾನುಲಿ ಭಾಷಣ)